ಹಡಗೇರುವವರ ದಳ: ಜಪಾನಿನ ಎಸ್‌ಬಿಯು

ಜಪಾನಿನ ಸಾಗರ ಸ್ವರಕ್ಷಣಾ ಪಡೆಯಲ್ಲಿ ‘ತೊಕುಬೆತ್ಸು ಕೇಯ್ಬಿತಾಯ್’ ಎಂಬ ವಿಶೇಷ ದಳವಿದೆ. ಹೊರಗಿನವರು ಅದನ್ನು ಎಸ್‌ಬಿಯು ಎನ್ನುತ್ತಾರೆ. ಅನುಮಾನ ಹುಟ್ಟಿಸುವ ಹಡಗನ್ನು ನಡುಗಡಲಲ್ಲಿ ಏರಿ, ಒಳಗಿರುವ ಶಸ್ತ್ರಧಾರಿಗಳನ್ನು ಹತೋಟಿಗೆ ತರುವುದು ಅದರ ಕೆಲಸ. 2001ರ ಮಾರ್ಚ್‌ನಲ್ಲಿ ಹಿರೋಶಿಮಾ ಪ್ರಾಂತ್ಯದ ಎತಾಜಿಮಾದಲ್ಲಿ ಇದು ಹುಟ್ಟಿತು. 1888ರಿಂದ ಜಪಾನಿನ ನೌಕಾ ಅಧಿಕಾರಿಗಳು ತಯಾರಾಗುತ್ತ ಬಂದ ಊರು ಅದು.

ನೋಟೊ ತೀರದ ಆ ರಾತ್ರಿ

1999ರ ಮಾರ್ಚ್ 23ರಂದು ನೋಟೊ ಪರ್ಯಾಯ ದ್ವೀಪದ ಆಚೆ ಎರಡು ಮೀನುಗಾರಿಕೆ ದೋಣಿಗಳು ಕಣ್ಣಿಗೆ ಬಿದ್ದವು. ಅವುಗಳ ಮೈಮೇಲೆ ಜಪಾನಿ ಹೆಸರುಗಳಿದ್ದವು. ವಿಚಾರಿಸಿದಾಗ ಒಂದು ಹೆಸರಿನ ದೋಣಿ ನೋಂದಣಿಯಿಂದಲೇ ಹೋಗಿತ್ತು, ಇನ್ನೊಂದು ಹೆಸರಿನದು ಬೇರೆಡೆ ಮೀನು ಹಿಡಿಯುತ್ತಿತ್ತು. ಕೋಸ್ಟ್ ಗಾರ್ಡ್ ಹಡಗುಗಳು ಬೆನ್ನಟ್ಟಿದರೂ ಅವುಗಳ ವೇಗಕ್ಕೆ ಸರಿಸಾಟಿಯಾಗಲಿಲ್ಲ. ನಡುರಾತ್ರಿ ಕಳೆದ ಮೇಲೆ ಸರ್ಕಾರ ನೌಕಾಪಡೆಗೆ ‘ಸಾಗರ ಭದ್ರತಾ ಕಾರ್ಯಾಚರಣೆ’ಯ ಆದೇಶ ಕೊಟ್ಟಿತು. 1954ರಲ್ಲಿ ಸ್ವರಕ್ಷಣಾ ಪಡೆಗಳು ಸ್ಥಾಪನೆಯಾದ ಮೇಲೆ ಇಂಥ ಆದೇಶ ಹೊರಬಿದ್ದದ್ದು ಅದೇ ಮೊದಲು.

ಹರುನಾ ಮತ್ತು ಮ್ಯೋಕೊ ಸಮರನೌಕೆಗಳು ಎಚ್ಚರಿಕೆಯ ಗುಂಡು ಹಾರಿಸಿದವು. ಪಿ-3ಸಿ ವಿಮಾನಗಳು ದೋಣಿಗಳ ಸುತ್ತಮುತ್ತ 150 ಕಿಲೋ ತೂಕದ ಬಾಂಬ್‌ಗಳನ್ನು ಕೆಡವಿದವು. ಅದಕ್ಕಿಂತ ಮುಂದೆ ಹೋಗಲು ಕಾನೂನು ಬಿಡುತ್ತಿರಲಿಲ್ಲ. ಒಂದು ಹಂತದಲ್ಲಿ ಒಂದು ದೋಣಿ ತಾನಾಗಿಯೇ ನಿಂತುಬಿಟ್ಟಿತು. ಈಗ ಅದನ್ನು ಏರುವವರು ಯಾರು?

ಮ್ಯೋಕೊದ ನ್ಯಾವಿಗೇಶನ್ ಅಧಿಕಾರಿಯಾಗಿದ್ದ ಇತೊ ಸುಕೆಯಾಸು ಆ ಗಳಿಗೆಯನ್ನು ಮುಂದೆ ಬರೆದಿಟ್ಟಿದ್ದಾರೆ. ಆಯ್ಕೆಯಾದವರು ಸಾಧಾರಣ ನಾವಿಕರು. ಹಡಗೇರಿ ಕಾದಾಡುವ ತರಬೇತಿ ಅವರಿಗೆ ಇರಲಿಲ್ಲ, ಗುಂಡು ತಡೆಯುವ ಕವಚವೂ ಇರಲಿಲ್ಲ. ದಪ್ಪನೆಯ ಕಾಮಿಕ್ಸ್ ಪತ್ರಿಕೆಗಳನ್ನು ಮೈಗೆ ಟೇಪ್‌ನಿಂದ ಬಿಗಿದುಕೊಂಡು ಅವರು ಸಿದ್ಧರಾದರು. ಅವರು ಇಳಿಯುವ ಮುನ್ನವೇ ದೋಣಿ ಮತ್ತೆ ಓಡಿ ಉತ್ತರ ಕೊರಿಯಾದ ಕಡೆ ತಪ್ಪಿಸಿಕೊಂಡಿತು. ಹೀಗಾಗಿ ಅವರೆಲ್ಲ ಬದುಕುಳಿದರು. ನನ್ನ ಮಟ್ಟಿಗೆ ಎಸ್‌ಬಿಯು ಹುಟ್ಟಿಗೆ ಇದಕ್ಕಿಂತ ಬಲವಾದ ಕಾರಣ ಬೇಕಿಲ್ಲ. ಕಲಿಸದ ಕೆಲಸಕ್ಕೆ ಯಾರನ್ನೂ ಸಾವಿನ ಬಾಯಿಗೆ ಕಳಿಸುವಂತಿಲ್ಲ.

ದಳ ಕಟ್ಟಿದ್ದು

ಎರಡೇ ವರ್ಷದಲ್ಲಿ ದಳ ಸಿದ್ಧವಾಯಿತು. ಕಟ್ಟುವ ಕೆಲಸಕ್ಕೆ ಇತೊ ಅವರೂ ಸೇರಿ, ಮುಂದೆ ಅದರ ಹಿರಿಯ ಪ್ಲಟೂನ್ ನಾಯಕರಾದರು. ಜಪಾನಿನಲ್ಲಿ ನೌಕಾಪಡೆಗೆ ಇಂಥ ದಳದ ಪೂರ್ವಾನುಭವವೇ ಇರಲಿಲ್ಲ. 2001ರಲ್ಲೇ ಕಾನೂನಿಗೂ ತಿದ್ದುಪಡಿಯಾಗಿ, ಕೆಲವು ಷರತ್ತುಗಳಡಿ ಓಡುವ ಹಡಗಿನ ಮೇಲೆಯೇ ಗುಂಡು ಹಾರಿಸಿ ನಿಲ್ಲಿಸಲು ಅವಕಾಶ ಸಿಕ್ಕಿತು.

ಆ ವರ್ಷದ ಡಿಸೆಂಬರ್‌ನಲ್ಲಿ ಇನ್ನೊಂದು ಉತ್ತರ ಕೊರಿಯಾದ ಬೇಹುಗಾರಿಕೆ ಹಡಗು ಕೋಸ್ಟ್ ಗಾರ್ಡ್ ಜತೆ ಗುಂಡಿನ ಕಾಳಗ ನಡೆಸಿ ಪೂರ್ವ ಚೀನಾ ಸಮುದ್ರದಲ್ಲಿ ಮುಳುಗಿತು. ಮರುವರ್ಷ ಮೇಲೆತ್ತಿದಾಗ ಅದರಲ್ಲಿ ವಿಮಾನ ಹೊಡೆಯುವ ಕ್ಷಿಪಣಿ, ರಾಕೆಟ್ ಲಾಂಚರ್ ಮತ್ತು ತನ್ನನ್ನು ತಾನೇ ಸ್ಫೋಟಿಸಿಕೊಳ್ಳುವ ಸಾಧನ ಸಿಕ್ಕವು. ನೋಟೊದಲ್ಲಿ ಪತ್ರಿಕೆ ಕಟ್ಟಿಕೊಂಡ ಹುಡುಗರು ಏರಲಿದ್ದದ್ದು ಎಂಥ ಹಡಗನ್ನು ಎಂದು ಊಹಿಸಲು ಇಷ್ಟು ಸಾಕು. ಮೇಲೆತ್ತಿದ ಆ ಹಡಗು ಇಂದಿಗೂ ಯೊಕೊಹಾಮಾದಲ್ಲಿ ಪ್ರದರ್ಶನಕ್ಕಿದೆ.

ತರಬೇತಿ

ಸ್ವಇಚ್ಛೆಯಿಂದ ಬಂದವರನ್ನು ಸೋಸಿ, ಎತಾಜಿಮಾದ ಒಂದನೇ ತಾಂತ್ರಿಕ ಶಾಲೆಯಲ್ಲಿ ಮೊದಲು ತಳಪಾಯದ ಕೋರ್ಸ್, ಆಮೇಲೆ ದಳದಲ್ಲೇ ಮುಂದಿನ ಪಾಠ. ವೇಗದ ರಬ್ಬರ್ ದೋಣಿಯಿಂದ ಓಡುವ ಹಡಗಿಗೆ ಹತ್ತುವುದು, ಹೆಲಿಕಾಪ್ಟರ್‌ನಿಂದ ಹಗ್ಗ ಹಿಡಿದು ಡೆಕ್‌ಗೆ ಜಾರುವುದು, ಈಜು, ಸಮೀಪದ ಗುಂಡಿನ ಕಾಳಗ, ಕೈಕೈ ಹೋರಾಟ ಎಲ್ಲವನ್ನೂ ಕಲಿಯಬೇಕು. ನೆಲದ ಮೇಲಿನ ಮನೆಗೆ ನುಗ್ಗುವುದಕ್ಕಿಂತ ಇದು ಕಷ್ಟ. ಕಾಲಡಿಯ ನೆಲ ಸದಾ ತೂಗುತ್ತಿರುತ್ತದೆ, ಓಣಿಗಳು ಇಕ್ಕಟ್ಟು, ಉಕ್ಕಿನ ಗೋಡೆಗೆ ಬಡಿದ ಗುಂಡು ಯಾವ ಕಡೆಗೂ ಸಿಡಿಯಬಹುದು.

2008ರ ಸಾವು

ಈ ದಳದ ಬಗ್ಗೆ ಬರೆಯುವವರು ಇದನ್ನು ಬಿಟ್ಟು ಹೋಗಬಾರದು. 2008ರ ಸೆಪ್ಟೆಂಬರ್‌ನಲ್ಲಿ ಕೋರ್ಸ್ ಬಿಟ್ಟು ಹೊರಡಲಿದ್ದ 25 ವರ್ಷದ ಅಭ್ಯರ್ಥಿಯೊಬ್ಬನನ್ನು ಕೈಕೈ ಹೋರಾಟದ ಹೆಸರಿನಲ್ಲಿ 15 ಜನರ ಎದುರು ಒಬ್ಬರಾದ ಮೇಲೊಬ್ಬರಂತೆ ನಿಲ್ಲಿಸಲಾಯಿತು. ಹೊಡೆತ ತಿಂದು ಕುಸಿದವನು ಎರಡು ವಾರ ಕಳೆದ ಮೇಲೆ ತೀರಿಕೊಂಡ. ಬೀಳ್ಕೊಡುಗೆ ಎಂಬ ಸಮಜಾಯಿಷಿ ಬಂದಾಗ ಮನೆಯವರು ಅದನ್ನು ಗುಂಪು ಹಲ್ಲೆ ಎಂದರು. ಅವರ ಮಾತೇ ಸರಿಯೆಂದು ನನಗೆ ತೋರುತ್ತದೆ. ಹೊರಟು ನಿಂತವನಿಗೆ ಹದಿನೈದು ಜನರ ಹೊಡೆತದಿಂದ ಕಲಿಸುವುದೇನೂ ಉಳಿದಿರಲಿಲ್ಲ.

ಏಡನ್ ಕೊಲ್ಲಿಯಲ್ಲಿ

2009ರ ಮಾರ್ಚ್‌ನಲ್ಲಿ ಸೊಮಾಲಿಯಾ ಕಡಲ್ಗಳ್ಳರ ವಿರುದ್ಧ ಸಜನಾಮಿ ಮತ್ತು ಸಮಿದಾರೆ ನೌಕೆಗಳು ಜಪಾನಿನಿಂದ ಹೊರಟಾಗ ಎಸ್‌ಬಿಯು ಸೈನಿಕರೂ ಅವುಗಳಲ್ಲಿದ್ದರು. ಜತೆಗೆ ಕೋಸ್ಟ್ ಗಾರ್ಡ್ ಅಧಿಕಾರಿಗಳೂ ಹೋದರು. ಕಳ್ಳರು ಸಿಕ್ಕಿಬಿದ್ದರೆ ಬಂಧಿಸಿ ಕೇಸು ನಡೆಸುವ ಪೊಲೀಸ್ ಅಧಿಕಾರ ಇದ್ದದ್ದು ಅವರಿಗೇ.