ಶಸ್ತ್ರಚಿಕಿತ್ಸೆಯ ನಂತರದ ಆರಂಭಿಕ ಜ್ವರ: ಸಾರ್ವಜನಿಕರಿಗೆ ಮಾಹಿತಿ

ಶಸ್ತ್ರಚಿಕಿತ್ಸೆಯಾದ ಮೊದಲ 48 ಗಂಟೆಗಳಲ್ಲಿ ದೇಹದ ಉಷ್ಣತೆಯು 38 ಡಿಗ್ರಿ ಸೆಲ್ಸಿಯಸ್ (100.4 ಡಿಗ್ರಿ ಫ್ಯಾರನ್‌ಹೀಟ್) ಮೀರುವುದು ಸಾಮಾನ್ಯ. ಅಂಗಾಂಶಗಳಿಗೆ ಆದ ಗಾಯಕ್ಕೆ ದೇಹವು ತೋರುವ ಸಹಜ ಪ್ರತಿಕ್ರಿಯೆಯೇ ಬಹುತೇಕ ಇದಕ್ಕೆ ಕಾರಣವಾಗಿದ್ದು, ಜ್ವರವು ಎರಡು ಮೂರು ದಿನಗಳಲ್ಲಿ ತಾನಾಗಿಯೇ ಇಳಿಯುತ್ತದೆ.

ಆದುದರಿಂದ ಜ್ವರ ಬಂದ ಮಾತ್ರಕ್ಕೆ ಎಲ್ಲ ರೋಗಿಗಳಿಗೂ ಆ್ಯಂಟಿಬಯೋಟಿಕ್ ಔಷಧದ ಅಗತ್ಯವಿರುವುದಿಲ್ಲ. ವೈದ್ಯರು ಮೊದಲು ಗಾಯ, ಉಸಿರಾಟ, ನಾಡಿ, ರಕ್ತದೊತ್ತಡ, ಡ್ರಿಪ್ ಸೂಜಿಯ ಜಾಗ ಹಾಗೂ ನೀಡಲಾದ ಔಷಧಗಳನ್ನು ಪರಿಶೀಲಿಸಿ, ಅಗತ್ಯವಿದ್ದಲ್ಲಿ ಮಾತ್ರ ರಕ್ತ, ಮೂತ್ರ ಅಥವಾ ಎಕ್ಸ್-ರೇ ಪರೀಕ್ಷೆ ಮಾಡಿಸುತ್ತಾರೆ.

ಆದರೆ ವಿರಳವಾಗಿ, ಮೊದಲ ದಿನವೇ ಗಾಯದ ಸೋಂಕು ವೇಗವಾಗಿ ಹರಡಿ ಪ್ರಾಣಾಪಾಯ ಉಂಟಾಗಬಹುದು. ಕೆಳಕಂಡ ಲಕ್ಷಣಗಳಿದ್ದಲ್ಲಿ ತಡಮಾಡದೆ ವೈದ್ಯರಿಗೆ ತಿಳಿಸತಕ್ಕದ್ದು:

• ಗಾಯದಲ್ಲಿ ಅಸಹನೀಯ ನೋವು, ಸುತ್ತಲಿನ ಚರ್ಮ ಕಪ್ಪಾಗುವುದು, ನೀರುಗುಳ್ಳೆ, ದುರ್ವಾಸನೆಯ ಸ್ರಾವ
• ಉಸಿರಾಟದ ತೊಂದರೆ, ಎದೆನೋವು, ಒಂದೇ ಕಾಲಿನಲ್ಲಿ ಊತ
• ಚಳಿನಡುಕ, ಮಂಪರು, ಮೂತ್ರದ ಪ್ರಮಾಣ ಕಡಿಮೆಯಾಗುವುದು

ಮೂರನೆಯ ದಿನದ ನಂತರ ಹೊಸದಾಗಿ ಬರುವ ಜ್ವರಕ್ಕೆ ಮೂತ್ರನಾಳ, ಶ್ವಾಸಕೋಶ ಅಥವಾ ಗಾಯದ ಸೋಂಕು ಕಾರಣವಾಗಿರುವ ಸಾಧ್ಯತೆ ಹೆಚ್ಚು. ಇದಕ್ಕೆ ವೈದ್ಯರ ತಪಾಸಣೆ ಕಡ್ಡಾಯ.

ಮನೆಗೆ ಮರಳಿದವರು ಜ್ವರದ ಪ್ರಮಾಣ ಮತ್ತು ಸಮಯವನ್ನು ಬರೆದಿಟ್ಟು, ಬಿಡುಗಡೆ ಪತ್ರದೊಂದಿಗೆ ವೈದ್ಯರಿಗೆ ತೋರಿಸುವುದು. ಹಳೆಯ ಚೀಟಿಯ ಔಷಧಗಳನ್ನು ಸ್ವತಃ ಸೇವಿಸಬಾರದು. ತುರ್ತು ಸಂದರ್ಭದಲ್ಲಿ 108 ಸಂಖ್ಯೆಗೆ ಕರೆ ಮಾಡುವುದು.