ದೂರದರ್ಶನ ಮತ್ತು ಶಾಲಾ ಗಣಕ ಶಿಕ್ಷಣ: ಪೋಷಕರಿಗೆ ಮಾಹಿತಿ

ಪೀಠಿಕೆ
ಮನೆಯ ಟಿ.ವಿ.ಯನ್ನೇ ಪರದೆಯಾಗಿ ಬಳಸುವ ಚಿಕ್ಕ ಗಣಕಯಂತ್ರಗಳು 1980ರ ಸುಮಾರಿಗೆ ಬಳಕೆಗೆ ಬಂದವು. ಇವುಗಳನ್ನು ಮಕ್ಕಳಿಗೂ ಹಿರಿಯರಿಗೂ ಟಿ.ವಿ. ಪಾಠಗಳ ಮೂಲಕ ಪರಿಚಯಿಸಿದ ಪ್ರಯತ್ನ ಹಾಗೂ ಕರ್ನಾಟಕದ ಅನುಭವವನ್ನು ಸಾರ್ವಜನಿಕರ ಅವಗಾಹನೆಗಾಗಿ ಇಲ್ಲಿ ನೀಡಲಾಗಿದೆ.

ಬ್ರಿಟನ್ನಿನ ಯೋಜನೆ
ಬ್ರಿಟನ್ನಿನ ಪ್ರಸಾರ ಸಂಸ್ಥೆ ಬಿ.ಬಿ.ಸಿ.ಯು ಜನವರಿ 1982ರಲ್ಲಿ ‘ದಿ ಕಂಪ್ಯೂಟರ್ ಪ್ರೋಗ್ರಾಮ್’ ಎಂಬ 10 ಕಂತುಗಳ ಮಾಲಿಕೆಯನ್ನು ಪ್ರಸಾರ ಮಾಡಿತು. ಅದರ ಜೊತೆಗೆ ಏಕಾರ್ನ್ ಸಂಸ್ಥೆ ತಯಾರಿಸಿದ ‘ಬಿ.ಬಿ.ಸಿ. ಮೈಕ್ರೋ’ ಗಣಕ ಹಾಗೂ ಕಲಿಕಾ ಪುಸ್ತಕವನ್ನೂ ಒದಗಿಸಲಾಯಿತು. ಇದರ ‘ಬಿ’ ಮಾದರಿಯ ಸ್ಮೃತಿಸಾಮರ್ಥ್ಯ ಕೇವಲ 32 ಕಿಲೋಬೈಟ್. ವಿದ್ಯುತ್ ನಿಂತರೆ ಸ್ಮೃತಿಯಲ್ಲಿದ್ದ ಬರಹ ಅಳಿದುಹೋಗುತ್ತಿದ್ದುದರಿಂದ ಅದನ್ನು ಸಾಮಾನ್ಯ ಕ್ಯಾಸೆಟ್ಟಿನಲ್ಲಿ ಉಳಿಸಿಕೊಳ್ಳಲಾಗುತ್ತಿತ್ತು. ನೋಡಿದ್ದನ್ನು ಕೂಡಲೇ ಸ್ವತಃ ಮಾಡಿ ಕಲಿಯಲು ಅವಕಾಶವಿದ್ದುದು ಈ ಯೋಜನೆಯ ವಿಶೇಷ.

ಭಾರತದ ಶಾಲೆಗಳಲ್ಲಿ
ಇದೇ ಗಣಕವನ್ನು 1984-85ರಲ್ಲಿ ಕೇಂದ್ರ ಸರ್ಕಾರದ ‘ಕ್ಲಾಸ್’ ಯೋಜನೆಯಡಿ ದೇಶದ ಆಯ್ದ ಶಾಲೆಗಳಿಗೆ ಪ್ರಾಯೋಗಿಕವಾಗಿ ವಿತರಿಸಲಾಯಿತು. ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶಿಕ್ಷಕರಿಗೆ ತರಬೇತಿ ನೀಡಲಾಯಿತು. ಆದರೆ ಆರಂಭದ ಬೋಧನಾ ತಂತ್ರಾಂಶಗಳು ಬ್ರಿಟನ್ನಿನಲ್ಲಿ ಸಿದ್ಧವಾದ, ಇಂಗ್ಲಿಷ್ ಭಾಷೆಯವಾಗಿದ್ದವು. ಕನ್ನಡ ಮಾಧ್ಯಮದ ಮಗುವಿಗೆ ಯಂತ್ರದೊಡನೆ ಭಾಷೆಯೂ ಹೊಸದೇ ಆಗಿತ್ತು.

ಚಾಮರಾಜನಗರದ ಅನುಭವ
ಕನ್ನಡದಲ್ಲಿ ಟಿ.ವಿ. ಪಾಠವು ಹಳ್ಳಿಯ ತರಗತಿಗಳಿಗೆ ದೊಡ್ಡ ಪ್ರಮಾಣದಲ್ಲಿ ತಲುಪಿದ್ದು ಎಜುಸ್ಯಾಟ್ ಉಪಗ್ರಹದಿಂದ. ಸದರಿ ಉಪಗ್ರಹವನ್ನು 20 ಸೆಪ್ಟೆಂಬರ್ 2004ರಂದು ಶ್ರೀಹರಿಕೋಟಾದಿಂದ ಉಡಾಯಿಸಲಾಯಿತು. ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿಗೆ ನೆರೆಯದಾದ, 1997ರವರೆಗೆ ಮೈಸೂರು ಜಿಲ್ಲೆಯ ಭಾಗವೇ ಆಗಿದ್ದ ಚಾಮರಾಜನಗರ ಜಿಲ್ಲೆಯ 885 ಪ್ರಾಥಮಿಕ ಶಾಲೆಗಳನ್ನು ಈ ಜಾಲಕ್ಕೆ ಸೇರಿಸಲಾಯಿತು. ಇವು ಗಣಕದ ಪಾಠಗಳಲ್ಲ, ಶಾಲಾ ಪಠ್ಯವಿಷಯಗಳ ಪಾಠಗಳು. ಇಲ್ಲಿ ಭಾಷೆ ಮಗುವಿನದೇ ಆಗಿತ್ತು, ಆದರೆ ಟಿ.ವಿ.ಯು ಮಗುವಿನ ಪ್ರಶ್ನೆಗೆ ಉತ್ತರಿಸಲಾರದು, ಆ ಹೊಣೆ ಶಿಕ್ಷಕರದೇ ಆಗಿತ್ತು. ಉಪಗ್ರಹದ ಸೇವೆ 2010ರಲ್ಲಿ ಮುಕ್ತಾಯಗೊಂಡಿತು. ಕೋವಿಡ್ ಕಾರಣ ಶಾಲೆಗಳು ಮುಚ್ಚಿದ್ದ 2020ರಲ್ಲಿ ಚಂದನ ವಾಹಿನಿಯ ಮೂಲಕ ಪಾಠಗಳನ್ನು ಪ್ರಸಾರ ಮಾಡಲಾಯಿತು.

ಪೋಷಕರ ಗಮನಕ್ಕೆ
ಮೇಲ್ಕಂಡ ಅನುಭವಗಳಿಂದ ತಿಳಿದುಬರುವುದೇನೆಂದರೆ, ಪಾಠವನ್ನು ನೋಡುವುದಷ್ಟರಿಂದಲೇ ಗಣಕ ಶಿಕ್ಷಣ ಪೂರ್ಣವಾಗದು. ಮಗುವಿಗೆ ತಿಳಿಯುವ ಭಾಷೆ, ಕೈಗೆಟುಕುವ ಯಂತ್ರ ಮತ್ತು ಸಂದೇಹ ಪರಿಹರಿಸುವ ಶಿಕ್ಷಕರು, ಈ ಮೂರೂ ಒಟ್ಟಿಗೆ ಇರತಕ್ಕದ್ದು. ಆದುದರಿಂದ ಪೋಷಕರು ಈ ಕೆಳಕಂಡ ವಿವರಗಳನ್ನು ಶಾಲೆಯ ಮುಖ್ಯೋಪಾಧ್ಯಾಯರಿಂದ ಕೇಳಿ ತಿಳಿದುಕೊಳ್ಳಬಹುದು:

1. ಗಣಕ ತರಗತಿಗೆ ನಿಗದಿಯಾಗಿರುವ ದಿನ ಮತ್ತು ಸಮಯ.
2. ಒಂದು ಗಣಕವನ್ನು ಎಷ್ಟು ಮಕ್ಕಳು ಹಂಚಿಕೊಳ್ಳುತ್ತಾರೆ ಎಂಬುದು.
3. ಕಲಿಕಾ ಸಾಮಗ್ರಿ ಕನ್ನಡದಲ್ಲಿ ಲಭ್ಯವಿದೆಯೇ ಎಂಬುದು.

ಹೆಚ್ಚಿನ ಮಾಹಿತಿಗಾಗಿ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಛೇರಿಯನ್ನು ಸಂಪರ್ಕಿಸಬಹುದಾಗಿದೆ.