ಒಂದು ಬೊಗಸೆ ಶೇಂಗಾ

ಆದೋನಿಯ ಶೇಂಗಾ ವ್ಯಾಪಾರದಲ್ಲಿ ಬೆಲೆ ಹುಟ್ಟುವುದು ರಾಶಿಯಿಂದ ತೆಗೆದ ಒಂದು ಬೊಗಸೆಯಲ್ಲಿ. ಖರೀದಿದಾರ ಕಾಯಿ ಅಲುಗಿಸಿ ಸದ್ದು ಕೇಳುತ್ತಾನೆ, ಹೆಬ್ಬೆರಳಲ್ಲಿ ಒತ್ತಿ ಒಡೆಯುತ್ತಾನೆ, ಬೀಜ ಗಟ್ಟಿಯೋ ಜೊಳ್ಳೋ ನೋಡಿ ಮೂಸುತ್ತಾನೆ. 1871ರಲ್ಲಿ ಮದ್ರಾಸಿನ ರೈಲುಹಾದಿ ಆದೋನಿ ದಾಟಿ ರಾಯಚೂರಿನಲ್ಲಿ ಮುಂಬೈ ಹಾದಿಯನ್ನು ಕೂಡಿತು. 1953ರಲ್ಲಿ ತಾಲ್ಲೂಕು ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಹೋಯಿತು. ಮಾಲು ಸೇರುವ ಊರೂ ಆಳುವ ಸರ್ಕಾರವೂ ಬದಲಾದವು, ಬೊಗಸೆ ಉಳಿಯಿತು. ಅದರ ಅನ್ಯಾಯವೂ ಹಳೆಯದೇ: ಮಾದರಿಯ ನೆಪದಲ್ಲಿ ತೆಗೆದ ಮಾಲಿಗೆ, ವ್ಯಾಪಾರ ಕುದುರದಿದ್ದರೂ, ರೈತನಿಗೆ ಕಾಸು ಸಿಗುವುದಿಲ್ಲವೆಂದು 1928ರ ರಾಯಲ್ ಕೃಷಿ ಆಯೋಗ ದೇಶದ ಮಾರುಕಟ್ಟೆಗಳ ಬಗ್ಗೆ ಬರೆದಿತ್ತು. 1933ರ ಮದ್ರಾಸ್ ವಾಣಿಜ್ಯ ಬೆಳೆಗಳ ಮಾರುಕಟ್ಟೆ ಕಾಯ್ದೆ ಬಂದದ್ದು ಇಂಥ ದೂರುಗಳ ಬೆನ್ನಿಗೇ.

ಕಣ್ಣು ಮೂಗುಗಳ ಈ ಪರೀಕ್ಷೆ 1960ರಲ್ಲಿ ಸೋತಿತು. ಇಂಗ್ಲೆಂಡಿನಲ್ಲಿ ಸುಮಾರು 1,00,000 ಟರ್ಕಿ ಕೋಳಿಗಳು ಸತ್ತವು. ಕಾರಣ ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿ. ಅದರಲ್ಲಿದ್ದದ್ದು ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟಿನ ವಿಷ, ಅಫ್ಲಾಟಾಕ್ಸಿನ್. ಕಾಯಿ ಕೀಳುವ ಮುಂಚಿನ ವಾರಗಳಲ್ಲಿ ಮಳೆ ಕೈಕೊಟ್ಟರೆ ಬೂಷ್ಟು ನೆಲದೊಳಗೇ ಹತ್ತುತ್ತದೆ. ಆದೋನಿ ಇರುವ ಕರ್ನೂಲಿನ ಪಶ್ಚಿಮಕ್ಕೆ ಅಂಥ ವರ್ಷಗಳು ಹೊಸವಲ್ಲ. ಗಾಣದಲ್ಲಿ ವಿಷದ ಹೆಚ್ಚಿನ ಪಾಲು ಹಿಂಡಿಯಲ್ಲಿ ಉಳಿದು, ಎಮ್ಮೆಯ ಹೊಟ್ಟೆ ಸೇರಿ, ರೂಪ ಬದಲಿಸಿ ಹಾಲಿಗೂ ಇಳಿಯುತ್ತದೆ. ನೇರವಾಗಿ ತಿನ್ನುವ ಶೇಂಗಾದಲ್ಲಿ ಯುರೋಪು ಒಪ್ಪುವುದು ಕಿಲೋಗೆ 4 ಮೈಕ್ರೋಗ್ರಾಂ ಮಾತ್ರ. ಇಷ್ಟು ಸಣ್ಣದು ಯಾವ ಮೂಗಿಗೂ ತಾಗದು.

ಇಲ್ಲಿ ವೈರಸ್ಸು ಕೆಲಸಕ್ಕೆ ಬರುತ್ತದೆ. ಬ್ಯಾಕ್ಟೀರಿಯಾಕ್ಕೆ ಹತ್ತುವ, ಮನುಷ್ಯರನ್ನು ಕಾಡದ ಫೇಜ್ ವೈರಸ್ಸಿನ ಮೈಮೇಲೆ ಬೇಕಾದ ಪ್ರೋಟೀನ್ ತುಂಡನ್ನು ಮೂಡಿಸಬಹುದೆಂದು ಜಾರ್ಜ್ ಸ್ಮಿತ್ 1985ರಲ್ಲಿ ತೋರಿಸಿದರು. 2018ರಲ್ಲಿ ನೊಬೆಲ್ ಬಂತು. ಬೇಕಾದ ಅಣುವನ್ನು, ಇಲ್ಲಿ ಅಫ್ಲಾಟಾಕ್ಸಿನನ್ನು, ಹಿಡಿಯುವಂತೆ ತಿದ್ದಿದ ಫೇಜಿಗೆ ಚಿನ್ನದ ನ್ಯಾನೊಕಣ ಸೇರಿಸಿ ಎಲೆಕ್ಟ್ರೋಡಿನ ಮೇಲೆ ಕೂರಿಸಿದರೆ, ಅಣು ಸಿಕ್ಕಿಕೊಂಡಾಗ ವಿದ್ಯುತ್ ಹರಿವು ಬದಲಾಗುತ್ತದೆ. ಚಿನ್ನ ಎಲೆಕ್ಟ್ರಾನುಗಳಿಗೆ ದಾರಿಯಾಗಿ ಆ ಬದಲಾವಣೆ ಎದ್ದು ಕಾಣುವಂತೆ ಮಾಡುತ್ತದೆ.

ಪಟಾನ್‌ಚೆರುವಿನ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸಾಟ್ ಈ ವಿಷಕ್ಕೆ ಅಗ್ಗದ ಎಲೈಸಾ ಪರೀಕ್ಷೆಯನ್ನು ಆಗಲೇ ರೂಪಿಸಿರುವಾಗ ಈ ಫೇಜ್ ಸಾಧನವೇಕೆ ಎಂದು ಕೇಳಬಹುದು. ಎಲೈಸಾಕ್ಕೆ ಪ್ರಯೋಗಾಲಯವೂ ಕೆಲವು ಗಂಟೆಗಳೂ ಬೇಕು. ಹರಾಜು ಅಷ್ಟು ಕಾಯುವುದಿಲ್ಲ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆ ಇದೆ. ವಿಷ ರಾಶಿಯಲ್ಲಿ ಸಮನಾಗಿ ಹರಡಿರುವುದಿಲ್ಲ. ಸಾವಿರ ಬೀಜಗಳಲ್ಲಿ ಒಂದೇ ತುಂಬಿಕೊಂಡಿರಬಹುದು. ಆ ಬೀಜ ಬೊಗಸೆಗೆ ಬಾರದಿದ್ದರೆ ಎಷ್ಟು ಸೂಕ್ಷ್ಮದ ಸಾಧನವೂ ರಾಶಿ ಶುದ್ಧವೆನ್ನುತ್ತದೆ. ಬಂದರೆ ಇಡೀ ರಾಶಿಯ ಬೆಲೆ ಇಳಿಯುತ್ತದೆ. ಹಾಗೆಂದು ಸಾಧನ ಬೇಡವೆನ್ನಲಾಗದು, ಹಾಲು ಕುಡಿಯುವ ಮಗುವಿಗೆ ಕಾವಲು ಬೇಕು. ಆದರೆ 1928ರ ದೂರು ಈಗ ಇನ್ನಷ್ಟು ತೂಕದ್ದಾಗಿದೆ. ರಾಶಿಯ ಹತ್ತಾರು ಕಡೆಯಿಂದ, ರೈತನ ಕಣ್ಣೆದುರಿಗೆ ಮಾದರಿ ತೆಗೆದು, ಬೆರೆಸಿ, ಅರೆದು, ಒಂದು ಪಾಲನ್ನು ಅವನ ಕೈಗೂ ಕೊಡುವ ನಿಯಮ ಮೊದಲು ಬರಬೇಕು, ಎಲೆಕ್ಟ್ರೋಡು ಆಮೇಲೆ.